ಕರೆಯದೆ ಬಂದವನು

ನಮ್ಮ ಭಾಷೆಯಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನು ಎಂಬುದು ಒಂದು. ದಿಕ್ಕುದೆಸೆಯಿಲ್ಲದವನು ಎಂಬುದು ಇನ್ನೊಂದು. ಮೊದಲನೆಯ ಅರ್ಥದ ಬಗಲಲ್ಲೇ ಎರಡನೆಯದು ಬೆಳೆದು ನಿಂತಿರುವುದನ್ನು ನೋಡಿದರೆ, ಹೊರಗಿನಿಂದ ಬಂದವನನ್ನು ಕಂಡು ಮರುಗುವ ಗುಣ ನಮ್ಮ ಹಿರಿಯರಲ್ಲಿ ಇದ್ದಿರಬೇಕೆಂದು ತೋರುತ್ತದೆ. ಆದರೆ ಮರುಕವೊಂದೇ ಇತ್ತೆಂದು ಹೇಳಿಕೊಳ್ಳುವ ಹಾಗಿಲ್ಲ. ಕರೆಯದೆ ಬರುವವನ ಮೇಲೆ ಸರ್ವಜ್ಞನಿಗಿದ್ದ ಸಿಟ್ಟು ವಾಚಕರಿಗೆಲ್ಲ ತಿಳಿದದ್ದೇ. ಗಡಿಯ ಈಚೆಗೆ ನೆಲಸಿ ತಲೆಮಾರುಗಳನ್ನು ಕಳೆದ ನಮ್ಮಂಥವರಿಗೆ, ‘ಇಲ್ಲಿಯವನು’ ‘ಅಲ್ಲಿಯವನು’ ಎಂಬ ಮಾತುಗಳಿಗಿರುವ ತೂಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ತಿಂಗಳು ನಮ್ಮ ಸಂಘದ ಮನೆಯಲ್ಲಿ ಹತ್ತು ಹನ್ನೆರಡು ಮಂದಿ ಕುಳಿತು ಅಮೆರಿಕದ ಹಳೆಯ ಚಲಚ್ಚಿತ್ರವೊಂದನ್ನು ನೋಡಿದೆವು. ಅದರ ಹೆಸರು ‘ದಿ ಇಂಟ್ರೂಡರ್’. ಕರೆಯದೆ ಒಳಹೊಕ್ಕವನು ಎಂದು ಅರ್ಥ. ೧೯೬೨ರಲ್ಲಿ ತೆರೆಗೆ ಬಂದದ್ದು, ಬಣ್ಣಗಳಿಲ್ಲದ್ದು, ಒಂದೂವರೆ ಗಂಟೆಗೂ ಕಡಮೆಯದು. ಹಾಡಿಲ್ಲ, ಕುಣಿತವಿಲ್ಲ, ಅಂದಿಗೆ ಹೆಸರಾಂತ ನಟರೂ ಇಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, “ಇದು ನಡೆದದ್ದೋ, ಕಟ್ಟಿದ್ದೋ?” ಎಂದು ಕೇಳಿದರು. ಆಗ ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಪೂರ್ತಿ ಮಾಡುವುದಕ್ಕಾಗಿ ಈ ಲೇಖನ.

ನಡೆದದ್ದು ಹೀಗೆ. ಟೆನೆಸೀ ಸಂಸ್ಥಾನದ ಪೂರ್ವಭಾಗದಲ್ಲಿ, ನಾಕ್ಸ್‌ವಿಲ್ ನಗರಕ್ಕೆ ಇಪ್ಪತ್ತು ಮೈಲಿಯ ಆಸುಪಾಸಿನಲ್ಲಿ, ಕ್ಲಿಂಟನ್ ಎಂಬ ಊರಿದೆ. ೧೯೫೦ರ ದಶಕದಲ್ಲಿ ಅಲ್ಲಿಯ ಜನಸಂಖ್ಯೆ ನಾಲ್ಕು ಸಾವಿರದಷ್ಟು. ಊರಿನ ಕಪ್ಪು ಜನರು ಫೋಲಿ ಹಿಲ್ ಎಂಬ ದಿಣ್ಣೆಯ ಮೇಲೆ ವಾಸವಾಗಿದ್ದರು. ಅವರ ಮಕ್ಕಳಿಗೆ ಆ ದಿಣ್ಣೆಯ ಮೇಲೆಯೇ ಒಂದು ಪ್ರಾಥಮಿಕ ಶಾಲೆ. ಹೈಸ್ಕೂಲು ಊರಲ್ಲಿತ್ತು, ಆದರೆ ಅದು ಬಿಳಿಯರದು. ಕಪ್ಪು ಮಕ್ಕಳು ಹೈಸ್ಕೂಲು ಓದಬೇಕಾದರೆ ಊರಿನ ಶಾಲೆಯನ್ನು ಹಿಂದೆ ಬಿಟ್ಟು ನಾಕ್ಸ್‌ವಿಲ್ಲಿಗೆ ಬಸ್ಸಿನಲ್ಲಿ ಹೋಗಿ ಬರಬೇಕಾಗಿತ್ತು. ೧೯೫೦ರಲ್ಲಿ ಕೆಲವು ಕುಟುಂಬಗಳು ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದುವು. ನ್ಯಾಯಾಧೀಶ ರಾಬರ್ಟ್ ಟೇಲರ್ ಅವರು ೧೯೫೨ರಲ್ಲಿ ತೀರ್ಪನ್ನು ಆ ಕುಟುಂಬಗಳಿಗೆ ವಿರುದ್ಧವಾಗಿಯೇ ಕೊಟ್ಟರು. ೧೯೫೪ರ ಮೇ ೧೭ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಬಣ್ಣದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಅದೇ ಟೇಲರ್ ಅವರೇ ೧೯೫೬ರ ಜನವರಿಯಲ್ಲಿ, ಆ ವರ್ಷದ ಶರತ್ಕಾಲದ ಪಾಠಗಳು ತೊಡಗುವಷ್ಟರಲ್ಲಿ ಕ್ಲಿಂಟನ್ ಹೈಸ್ಕೂಲು ಎಲ್ಲ ಮಕ್ಕಳಿಗೂ ತೆರೆದಿರಬೇಕೆಂದು ಆಜ್ಞೆ ಮಾಡಿದರು. ನ್ಯಾಯಾಧೀಶರ ಮನಸ್ಸು ಬದಲಾಯಿಸಿತೆಂದಲ್ಲ, ಕಾನೂನು ಬದಲಾಯಿಸಿತು. ಅವರು ಕಾನೂನಿನ ಮನುಷ್ಯರು.

ಊರೂ ಹೆಚ್ಚುಕಡಮೆ ಹಾಗೆಯೇ ನಡೆದುಕೊಂಡಿತು. ಮುಖ್ಯೋಪಾಧ್ಯಾಯ ಬ್ರಿಟನ್ ಅವರು ತಿಂಗಳುಗಟ್ಟಲೆ ಮುಂಚೆಯೇ ಸಿದ್ಧತೆ ಮಾಡಿಕೊಂಡಿದ್ದರು. ಸ್ಥಳೀಯ ಪತ್ರಿಕೆಯ ಸಂಪಾದಕ ಹೊರೇಸ್ ವೆಲ್ಸ್ ಅವರು, ಇಷ್ಟವಿದ್ದರೂ ಇಲ್ಲದಿದ್ದರೂ ಕಾನೂನನ್ನು ಪಾಲಿಸಬೇಕೆಂದು ಬರೆಯುತ್ತಿದ್ದರು. ೧೯೫೬ರ ಆಗಸ್ಟ್ ೨೭, ಸೋಮವಾರ, ಹನ್ನೆರಡು ಮಂದಿ ಕಪ್ಪು ವಿದ್ಯಾರ್ಥಿಗಳು ದಿಣ್ಣೆಯಿಂದಿಳಿದು ಶಾಲೆಗೆ ನಡೆದರು. ಆ ಮೊದಲ ದಿನ ಹೇಳಿಕೊಳ್ಳುವಂಥ ಗಲಭೆಯೇನೂ ಆಗಲಿಲ್ಲ. ಆ ಹನ್ನೆರಡರಲ್ಲಿ ಒಬ್ಬಳಾದ ಜೋ ಆನ್ ಆಲನ್ ಎಂಬ ಹುಡುಗಿಯನ್ನು ತರಗತಿಯ ಮಕ್ಕಳು ತಮ್ಮ ಉಪಾಧ್ಯಕ್ಷೆಯಾಗಿ ಆರಿಸಿದರು. ಬಿಳಿಯ ಮಕ್ಕಳ ನಡುವೆ ಈ ಹುಡುಗಿ! ವಾಚಕರು ಈ ಚಿಕ್ಕ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ. ಮುಂದೆ ಆದದ್ದನ್ನು ಓದುವಾಗ ಇದು ಬೇಕಾಗುತ್ತದೆ.

ಶಾಲೆ ತೆರೆಯುವುದಕ್ಕೆ ಎರಡು ದಿನ ಮೊದಲು ಊರಿಗೆ ಒಬ್ಬ ಯುವಕ ಬಂದಿದ್ದ. ಜಾನ್ ಕ್ಯಾಸ್ಪರ್ ಎಂದು ಹೆಸರು, ಇಪ್ಪತ್ತಾರು ವರ್ಷ ವಯಸ್ಸು, ನೋಡಲು ಲಕ್ಷಣವಂತ, ಮಾತಿನಲ್ಲಿ ಜಾಣ. ದಕ್ಷಿಣದವನೇ ಅಲ್ಲ. ಉತ್ತರದ ನ್ಯೂ ಜೆರ್ಸಿಯಲ್ಲಿ ಹುಟ್ಟಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲಿಯೇ ಗ್ರೀನಿಚ್ ವಿಲೇಜಿನಲ್ಲಿ ಪುಸ್ತಕದಂಗಡಿ ಇಟ್ಟಿದ್ದವನು. ಸಾಹಿತ್ಯಪ್ರಿಯರಾದ ನಮಗೆ ಇಲ್ಲಿ ನಾಚಿಕೆಯ ವಿಷಯವೊಂದಿದೆ. ಈತ ಕವಿ ಎಜ್ರಾ ಪೌಂಡ್‌ನ ಭಕ್ತ. ಯುದ್ಧಕಾಲದಲ್ಲಿ ಇಟಲಿಯ ರೇಡಿಯೋದಲ್ಲಿ ಶತ್ರುಪಕ್ಷದ ಪರವಾಗಿ ಮಾತನಾಡಿದ ಆ ಕವಿಯನ್ನು ವಾಷಿಂಗ್ಟನ್ನಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ಇಟ್ಟಿದ್ದಾಗ, ಕ್ಯಾಸ್ಪರ್ ಅಲ್ಲಿಗೆ ಹೋಗಿ ಬರುತ್ತಿದ್ದ. ತನ್ನ ಪುಸ್ತಕದಂಗಡಿಗೆ ಆತ ಇಟ್ಟ ಹೆಸರೂ ಗುರುವಿನ ಘೋಷವಾಕ್ಯವೇ. ಕಾವ್ಯವನ್ನು ಓದಿದವನು ಕೆಡುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಯಾರಿಗಾದರೂ ಇದ್ದರೆ, ಈ ಉದಾಹರಣೆಯನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕ್ಯಾಸ್ಪರ್ ಮನೆಮನೆಯ ಬಾಗಿಲು ತಟ್ಟಿದ. ಬೀದಿಯಲ್ಲಿ ಸಿಕ್ಕವರನ್ನು ಮಾತಿಗೆಳೆದ. ಕೋರ್ಟಿನ ಆಜ್ಞೆ ಕಾನೂನೇ ಅಲ್ಲ, ಜನರು ನ್ಯಾಯಾಧೀಶರಿಗಿಂತ ದೊಡ್ಡವರು, ಎಂಬುದು ಅವನ ವಾದದ ತಿರುಳು. ಅಧಿಕಾರಿಗಳು ಒಮ್ಮೆ ಹಿಡಿದು, ಸಾಕ್ಷ್ಯ ಸಾಲದೆಂದು ಬಿಟ್ಟರು. ಬಿಟ್ಟ ಮೇಲೆ ಅವನ ಸುತ್ತ ಇನ್ನೂ ಹೆಚ್ಚು ಜನ ಸೇರಿದರು. ಶಾಲೆಯ ಮುಂದೆ ಫಲಕಗಳನ್ನು ಹಿಡಿದ ಗುಂಪು ದಿನದಿನಕ್ಕೆ ಬೆಳೆಯಿತು. ಆಗಸ್ಟ್ ೩೧ರಂದು ಟೇಲರ್ ಅವರು ನ್ಯಾಯಾಲಯ ನಿಂದನೆಗಾಗಿ ಆತನಿಗೆ ಒಂದು ವರ್ಷದ ಸೆರೆ ವಿಧಿಸಿದರು. ಇಷ್ಟಕ್ಕೆ ಕಥೆ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. ಕ್ಯಾಸ್ಪರ್ ಸೆರೆಯಲ್ಲಿರುವಾಗಲೇ ಕ್ಲಿಂಟನ್ನಿನ ಅತ್ಯಂತ ಕೆಟ್ಟ ರಾತ್ರಿಗಳು ಬಂದುವು. ಅಲಬಾಮಾದಿಂದ ಏಸಾ ಕಾರ್ಟರ್ ಎಂಬ ಇನ್ನೊಬ್ಬ ವಾಗ್ಮಿ ಬಂದು ಕಚೇರಿಯ ಮುಂದೆ ಸಾವಿರಕ್ಕೂ ಮಿಕ್ಕಿ ನೆರೆದ ಜನರಿಗೆ ಭಾಷಣ ಮಾಡಿದ. ಈ ಕಾರ್ಟರನ ಮುಂದಿನ ಕಥೆ ವಿಚಿತ್ರವಾದದ್ದು: ಹೆಸರನ್ನು ಫಾರೆಸ್ಟ್ ಎಂದು ಬದಲಾಯಿಸಿಕೊಂಡು, ತಾನು ಚೆರೋಕೀ ಆದಿವಾಸಿಯೆಂದು ಹೇಳಿಕೊಂಡು, ೧೯೭೬ರಲ್ಲಿ ಬಾಲ್ಯದ ನೆನಪುಗಳೆಂಬ ಸುಳ್ಳು ಪುಸ್ತಕವೊಂದನ್ನು ಪ್ರಕಟಿಸಿ ಬಹಳ ಮಂದಿಯ ಕಣ್ಣಲ್ಲಿ ನೀರು ತರಿಸಿದ! ಅದು ಹಾಗಿರಲಿ. ಭಾಷಣ ಮುಗಿದ ಮೇಲೆ ಗುಂಪು ಊರೊಳಗೆ ಹಾದುಹೋಗುವ ಹೆದ್ದಾರಿಗೆ ಬಂತು. ಕಪ್ಪು ಜನರು ಕುಳಿತಿದ್ದ ಮೋಟಾರುಗಳನ್ನು ತಡೆದರು, ಗಾಜುಗಳನ್ನು ಒಡೆದರು, ಗಾಡಿಗಳನ್ನು ಹಿಡಿದು ಅಲುಗಾಡಿಸಿದರು. ಆ ಪ್ರಯಾಣಿಕರಲ್ಲಿ ಬಹಳ ಮಂದಿಗೆ ಕ್ಲಿಂಟನ್ನಿನ ಶಾಲೆಯ ಗೊಡವೆಯೇ ಇರಲಿಲ್ಲ, ದಾರಿಹೋಕರು. ಬೆರಳೆಣಿಕೆಯ ಪೊಲೀಸರಿಂದ ತಡೆಯಲಾಗದೆ, ಊರಿನ ಗೃಹಸ್ಥರೇ ಕೆಲವರು ಸ್ವಯಂಸೇವಕರಾಗಿ ನಿಂತರು. ಅಷ್ಟರಿಂದಲೂ ಆಗಲಿಲ್ಲ. ಸೆಪ್ಟೆಂಬರ್ ೨ರಂದು ಗವರ್ನರ್ ಫ್ರಾಂಕ್ ಕ್ಲೆಮೆಂಟ್ ಅವರು ಆರುನೂರರಷ್ಟು ಸೈನಿಕರನ್ನು ಟ್ಯಾಂಕುಗಳೊಡನೆ ಕಳುಹಿಸಿದರು. ಹನ್ನೆರಡು ಮಕ್ಕಳು ಪಾಠ ಕೇಳಬೇಕೆಂಬುದಕ್ಕೆ ಒಂದು ಪುಟ್ಟ ಊರಿನ ಬೀದಿಗೆ ಟ್ಯಾಂಕು ಬಂತು.

ಸೈನ್ಯ ಹೋದ ಮೇಲೆ ಹೊರಗಿನ ಗಲಾಟೆ ನಿಂತು, ಶಾಲೆಯೊಳಗಿನ ಕಾಟ ಹೆಚ್ಚಿತು. ನೂಕುವುದು, ಬೈಯುವುದು, ಬೆದರಿಕೆಯ ಚೀಟಿಗಳು. ನವೆಂಬರಿನ ಕೊನೆಗೆ ಮಕ್ಕಳು ಶಾಲೆಗೆ ಬರುವುದನ್ನೇ ನಿಲ್ಲಿಸಬೇಕಾಯಿತು. ಆಗ ಬಿಳಿಯರ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಪಾಲ್ ಟರ್ನರ್ ಅವರು, ಇನ್ನಿಬ್ಬರು ಬಿಳಿಯರನ್ನು ಕೂಡಿಕೊಂಡು, ಡಿಸೆಂಬರ್ ೪ರ ಬೆಳಿಗ್ಗೆ ದಿಣ್ಣೆಯ ಮೇಲಕ್ಕೆ ಹೋಗಿ ಮಕ್ಕಳನ್ನು ತಾವೇ ಶಾಲೆಗೆ ಕರೆತಂದರು. ಮಕ್ಕಳನ್ನು ಬಿಟ್ಟು ಹಿಂದಿರುಗುವಾಗ ಗುಂಪೊಂದು ಅವರನ್ನು ಮುತ್ತಿ ರಕ್ತ ಬರುವಂತೆ ಹೊಡೆಯಿತು. ಅಂದೇ ಊರಿನ ಪುರಸಭೆಯ ಚುನಾವಣೆ. ಬಣ್ಣಭೇದದ ಪಕ್ಷದವರು ಅದರಲ್ಲಿ ಹೀನಾಯವಾಗಿ ಸೋತರು. ಶಾಲೆಯನ್ನು ಕೆಲವು ದಿನ ಮುಚ್ಚಿ, ಡಿಸೆಂಬರ್ ೧೦ರಂದು ಮತ್ತೆ ತೆರೆದರು. ೧೯೫೭ರ ಮೇ ತಿಂಗಳಲ್ಲಿ ಬಾಬಿ ಕೇನ್ ಎಂಬ ಹುಡುಗ, ಟೆನೆಸೀಯಲ್ಲಿ ಹೀಗೆ ಒಂದುಗೂಡಿಸಿದ ಸರ್ಕಾರಿ ಹೈಸ್ಕೂಲಿನಿಂದ ತೇರ್ಗಡೆಯಾದ ಮೊದಲ ಕಪ್ಪು ವಿದ್ಯಾರ್ಥಿಯಾದ. ಉಪಾಧ್ಯಕ್ಷೆಯಾಗಿ ಆರಿಸಿದ್ದ ಆ ಹುಡುಗಿ ಅದನ್ನು ನೋಡಲು ಅಲ್ಲಿರಲಿಲ್ಲ. ಡಿಸೆಂಬರಿನಲ್ಲಿಯೇ ಅವಳ ತಂದೆತಾಯಿ ಮನೆಯನ್ನು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋಗಿದ್ದರು.

ಇಷ್ಟು ಇತಿಹಾಸ. ಇದನ್ನು ಹಿನ್ನೆಲೆಯಾಗಿಟ್ಟುಕೊಂಡು ಚಾರ್ಲ್ಸ್ ಬೋಮಾಂಟ್ ಎಂಬ ಲೇಖಕ ೧೯೫೯ರಲ್ಲಿ ಒಂದು ಕಾದಂಬರಿ ಬರೆದ. ಈತ ಅದ್ಭುತ ರಸದ ಕಥೆಗಳಿಗೂ ದೂರದರ್ಶನದ ‘ಟ್ವೈಲೈಟ್ ಜೋನ್’ ಎಂಬ ಮಾಲೆಗೂ ಹೆಸರಾದವನು; ೧೯೬೭ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ತೀರಿಕೊಂಡ. ಅವನ ಕಾದಂಬರಿಯನ್ನು ಚಿತ್ರವಾಗಿಸಲು ಮುಂದೆ ಬಂದವರು ರೋಜರ್ ಕಾರ್ಮನ್. ೧೯೨೬ರಿಂದ ೨೦೨೪ರವರೆಗೆ ತೊಂಬತ್ತೆಂಟು ವರ್ಷ ಬಾಳಿದ ಈ ಮನುಷ್ಯನಷ್ಟು ಅಗ್ಗವಾಗಿ ಚಿತ್ರ ತೆಗೆಯಬಲ್ಲವರು ಹಾಲಿವುಡ್ಡಿನಲ್ಲಿ ಬೇರೆ ಇರಲಿಲ್ಲವೆಂದು ಪ್ರಸಿದ್ಧಿ. ಭೂತ, ಪ್ರೇತ, ಸಮುದ್ರದಿಂದೆದ್ದ ರಾಕ್ಷಸಪ್ರಾಣಿ, ಮನುಷ್ಯರನ್ನು ತಿನ್ನುವ ಗಿಡ ಇವೇ ಅವರ ಬಂಡವಾಳ. ಎಲ್ಲವೂ ಲಾಭ ತಂದ ಸರಕು. ಈ ಒಂದು ಸಲ ಮಾತ್ರ ಅವರು ನಿಜವಾದ ಭೂತವನ್ನು ತೋರಿಸಹೊರಟರು. ಹಣ ಹಾಕುವವರು ಹಿಂದೆಗೆದರು. ಕೊನೆಗೆ ಅವರೂ ಅವರ ತಮ್ಮ ಜೀನ್ ಕಾರ್ಮನ್ನರೂ ಸೇರಿ, ಸ್ವಂತ ಹಣವನ್ನೂ ತೊಡಗಿಸಿ, ಎಂಬತ್ತು ತೊಂಬತ್ತು ಸಾವಿರ ಡಾಲರುಗಳೊಳಗೆ ಕೆಲಸ ಮುಗಿಸಿದರು. ಹಾಲಿವುಡ್ಡಿನ ಲೆಕ್ಕದಲ್ಲಿ ಇದು ಎಲೆಯಡಿಕೆಯ ಖರ್ಚು.

ಚಿತ್ರವನ್ನು ತೆಗೆದದ್ದು ೧೯೬೧ರ ಬೇಸಗೆಯಲ್ಲಿ, ಸುಮಾರು ಮೂರು ವಾರಗಳಲ್ಲಿ, ಮಿಸೌರಿ ಸಂಸ್ಥಾನದ ಆಗ್ನೇಯ ಮೂಲೆಯ ಸೈಕ್‌ಸ್ಟನ್, ಚಾರ್ಲ್ಸ್‌ಟನ್, ಈಸ್ಟ್ ಪ್ರೇರಿ ಎಂಬ ಊರುಗಳಲ್ಲಿ. ಆ ಮೂಲೆ ಭೂಪಟದಲ್ಲಿ ದಕ್ಷಿಣಕ್ಕೆ ಚಾಚಿಕೊಂಡಿದೆ. ಹತ್ತಿ ಬೆಳೆಯುವ ನೆಲ. ಮಾತಿನ ಧಾಟಿ, ಬಣ್ಣದ ಕಟ್ಟಳೆ ಎಲ್ಲ ದಕ್ಷಿಣದವೇ. ಮುಖ್ಯ ಪಾತ್ರಗಳಿಗೆ ಕೆಲವೇ ನಟರು. ಉಳಿದದ್ದಕ್ಕೆಲ್ಲ ಊರಿನ ಜನ. ಶಾಲೆಯ ಮುಖ್ಯೋಪಾಧ್ಯಾಯನ ಪಾತ್ರವನ್ನು ಬೋಮಾಂಟನೇ ಹಾಕಿಕೊಂಡ. ಕಪ್ಪು ವಿದ್ಯಾರ್ಥಿ ಜೋಯಿ ಗ್ರೀನ್‌ನ ಪಾತ್ರಕ್ಕೆ ಆ ಕಡೆಯ ಯುವಕನೊಬ್ಬನೇ ಸಿಕ್ಕಿದ. ಊರವರಿಗೆ ಕಥೆಯನ್ನು ಪೂರ್ತಿಯಾಗಿ ಹೇಳಿರಲಿಲ್ಲ. ವಿಷಯ ಸ್ವಲ್ಪ ಸ್ವಲ್ಪವೇ ಬಯಲಾದಂತೆ ಬೆದರಿಕೆಗಳು ಬಂದುವು, ಜಾಗಗಳಿಂದ ಎಬ್ಬಿಸಿದರು, ಒಂದು ಊರಲ್ಲಿ ತೊಡಗಿದ ದೃಶ್ಯವನ್ನು ಇನ್ನೊಂದು ಊರಲ್ಲಿ ಮುಗಿಸಬೇಕಾಯಿತೆಂದು ಕಾರ್ಮನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಇದೇ ಸೈಕ್‌ಸ್ಟನ್ನಿನಲ್ಲಿ, ೧೯೪೨ರ ಜನವರಿ ೨೫ರಂದು, ಕ್ಲಿಯೋ ರೈಟ್ ಎಂಬ ಕಪ್ಪು ಕಾರ್ಮಿಕನನ್ನು ಗುಂಪೊಂದು ಪೊಲೀಸರ ವಶದಿಂದ ಎಳೆದೊಯ್ದು, ಮೋಟಾರಿಗೆ ಕಟ್ಟಿ ಬೀದಿಗಳಲ್ಲಿ ಎಳೆದು, ಸುಟ್ಟುಹಾಕಿತ್ತು. ಕೇಂದ್ರ ಸರ್ಕಾರ ತನಿಖೆ ನಡೆಸಿತು. ಯಾರ ಮೇಲೂ ಆರೋಪ ಹೊರಿಸಲು ಜ್ಯೂರಿಗಳು ಒಪ್ಪಲಿಲ್ಲ. ಇದು ನಡೆದು ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಅಂದಮೇಲೆ ಚಿತ್ರದಲ್ಲಿ ಭಾಷಣ ಕೇಳುತ್ತ ನಿಂತ ಆ ನಡುವಯಸ್ಸಿನ ಮುಖಗಳಲ್ಲಿ ಅಂದಿನ ದಿನವನ್ನು ಕಂಡು ಬಲ್ಲವರು ಎಷ್ಟು ಮಂದಿಯೋ ಎಂಬ ಯೋಚನೆ ಬಾರದಿರುವುದು ಹೇಗೆ? ಆ ಮುಖಗಳನ್ನು ಯಾವ ನಟನೂ ತಂದುಕೊಡಲಾರ. ಚಿತ್ರದ ಬಡತನವೇ ಅದರ ಬಲವಾದದ್ದು ಇಲ್ಲಿ.

ಕಥೆಯಲ್ಲಿ ಊರಿನ ಹೆಸರು ಕ್ಯಾಕ್ಸ್‌ಟನ್. ಬಿಳಿಯ ಸೂಟು ತೊಟ್ಟ ಆಡಂ ಕ್ರೇಮರ್ ಬಸ್ಸಿನಿಂದ ಇಳಿಯುತ್ತಾನೆ. ಹೋಟೆಲಿನ ಒಡತಿಯನ್ನು, ಶಾಲೆಯ ವಿಷಯ ನಿಮಗೇನನ್ನಿಸುತ್ತದೆ ಎಂದು ವಿನಯದಿಂದ ಕೇಳುತ್ತಾನೆ. ತಮಗೆ ಇಷ್ಟವಿಲ್ಲ, ಆದರೆ ಕಾನೂನಲ್ಲವೇ ಎಂಬುದು ಆಕೆಯ ಉತ್ತರದ ಸಾರ. ಆ ‘ಆದರೆ’ ಎಂಬ ಮಾತಿನ ಬಿರುಕಿನಲ್ಲಿ ಅವನು ಬೆರಳಿಡುತ್ತಾನೆ. ಕಚೇರಿಯ ಮೆಟ್ಟಿಲ ಮೇಲೆ ನಿಂತು ರಾತ್ರಿಯಲ್ಲಿ ಅವನು ಮಾಡುವ ಭಾಷಣವೇ ಚಿತ್ರದ ಹೃದಯ. ಮೊದಮೊದಲು ಮೆಲ್ಲಗೆ, ಸಮಾಧಾನದಿಂದ, ನಿಮ್ಮವನೇ ನಾನು ಎಂಬಂತೆ. ಬರಬರುತ್ತ ದನಿ ಏರಿಸಿ, ಯೆಹೂದ್ಯರ ಪಿತೂರಿ, ಕಮ್ಯೂನಿಸ್ಟರ ಪಿತೂರಿ, ನಿಮ್ಮ ಹೆಣ್ಣುಮಕ್ಕಳು, ನಿಮ್ಮ ದೇಶ ಎಂದು ಒಂದೊಂದೇ ಕಟ್ಟಿಗೆ ಒಟ್ಟುತ್ತ ಹೋಗುತ್ತಾನೆ. ಭಾಷಣ ಮುಗಿದಾಗ ಕಪ್ಪು ಕುಟುಂಬವೊಂದರ ಮೋಟಾರು ಆ ದಾರಿಯಲ್ಲಿ ಬರುತ್ತದೆ. ಗುಂಪು ಮುತ್ತುತ್ತದೆ. ಕ್ಲಿಂಟನ್ನಿನ ಹೆದ್ದಾರಿಯ ರಾತ್ರಿಯನ್ನು ಓದಿದವರಿಗೆ ಇದು ಕಲ್ಪನೆಯೆನಿಸದು.

ಕ್ರೇಮರನ ಪಾತ್ರ ಮಾಡಿದವರು ವಿಲಿಯಂ ಶಾಟ್ನರ್. ೧೯೬೬ರಿಂದ ‘ಸ್ಟಾರ್ ಟ್ರೆಕ್’ ಎಂಬ ಮಾಲೆಯ ಆಕಾಶನೌಕೆಯ ಕಪ್ತಾನನಾಗಿ ಲೋಕಪ್ರಸಿದ್ಧರಾದರು. ಆಗ ಮಾತ್ರ ಮೂವತ್ತರ ಯುವಕ. ಕೆನಡಾದ ಮಾಂಟ್ರಿಯಲ್ಲಿನ ಯೆಹೂದ್ಯ ಮನೆತನದವರು. ಯೆಹೂದ್ಯರ ವಿರುದ್ಧ ವಿಷ ಕಾರುವ ಆ ಮಾತುಗಳನ್ನು ಯೆಹೂದ್ಯನೊಬ್ಬನೇ, ಅದೂ ಅಮೆರಿಕಕ್ಕೆ ಹೊರಗಿನವನೊಬ್ಬನೇ, ಮಿಸೌರಿಯ ಜನರ ಮುಂದೆ ನಿಂತು ಆಡಿದನೆಂಬುದನ್ನು ನೆನೆದು ನಾವು ನಕ್ಕೆವು. ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಕಥೆಯ ಉಳಿದ ಭಾಗವನ್ನು ಬೇಗ ಹೇಳಿಬಿಡುತ್ತೇವೆ. ಕಪ್ಪು ಜನರ ಚರ್ಚಿಗೆ ಸಿಡಿಮದ್ದು ಇಡುತ್ತಾರೆ, ಪಾದ್ರಿ ಸಾಯುತ್ತಾನೆ. ಅದುವರೆಗೆ ಕಾನೂನಿನ ಮಾತನ್ನಷ್ಟೇ ಆಡುತ್ತಿದ್ದ ಪತ್ರಿಕಾಸಂಪಾದಕ ಟಾಮ್ ಮ್ಯಾಕ್‌ಡೇನಿಯಲ್, ಮರುದಿನ ಮಕ್ಕಳ ಜೊತೆಗೆ ತಾನೂ ಶಾಲೆಯವರೆಗೆ ನಡೆದು, ಹೊಡೆತ ತಿಂದು, ಒಂದು ಕಣ್ಣು ಕಳೆದುಕೊಳ್ಳುತ್ತಾನೆ. ನಿಜದ ಪಾದ್ರಿ ಟರ್ನರನನ್ನೂ ಸಂಪಾದಕ ವೆಲ್ಸ್‌ನನ್ನೂ ಕೂಡಿಸಿ ಮಾಡಿದ ಪಾತ್ರ ಇದೆಂದು ತೋರುತ್ತದೆ. ಕ್ರೇಮರ್ ಆ ಸಂಪಾದಕನ ಎಳೆವಯಸ್ಸಿನ ಮಗಳನ್ನು ಮರುಳುಮಾಡಿ, ತಂದೆಯ ಪ್ರಾಣ ಉಳಿಯಬೇಕಾದರೆ ಜೋಯಿಯ ಮೇಲೆ ಮಾನಭಂಗದ ಸುಳ್ಳು ಆರೋಪ ಹೊರಿಸೆಂದು ಹೆದರಿಸುತ್ತಾನೆ. ಗುಂಪು ಜೋಯಿಯನ್ನು ಶಾಲೆಯ ಆಟದ ಬಯಲಿಗೆ ಎಳೆದು ತಂದು, ಮಕ್ಕಳ ಉಯ್ಯಾಲೆಯ ಮೇಲೆ ಕೂರಿಸಿ ಹೊಡೆಯುತ್ತದೆ. ಉಯ್ಯಾಲೆಯನ್ನು ಹೀಗೆ ನೋಡಬೇಕಾಗುವುದೆಂದು ನಾವೆಣಿಸಿರಲಿಲ್ಲ.

ಈ ಘೋರವನ್ನು ನಿಲ್ಲಿಸುವವನು ಸಂಪಾದಕನಲ್ಲ, ಪಾದ್ರಿಯಲ್ಲ, ಪೊಲೀಸನೂ ಅಲ್ಲ. ಸ್ಯಾಮ್ ಗ್ರಿಫಿನ್ ಎಂಬ ಊರೂರು ಸುತ್ತುವ ಮಾರಾಟಗಾರ. ಒರಟು ಮಾತಿನವನು, ಹೋಟೆಲಿನಲ್ಲಿ ಕ್ರೇಮರನ ಪಕ್ಕದ ಕೋಣೆಯಲ್ಲಿ ಇಳಿದವನು, ಇವನೂ ಹೊರಗಿನಿಂದ ಬಂದವನೇ. ತನ್ನ ಹೆಂಡತಿಯನ್ನು ಕ್ರೇಮರ್ ಕೆಡಿಸಿದ್ದಕ್ಕೆ ಸೇಡು ತೀರಿಸಲು ಬಂದಾಗ, ಕ್ರೇಮರನ ಕೈ ನಡುಗುವುದನ್ನು ಅವನು ಕಾಣುತ್ತಾನೆ. ಸಂತೆಯಲ್ಲಿ ಕೂಗಿ ಕೂಗಿ ಸರಕು ಮಾರಿದವನಿಗೆ, ಇನ್ನೊಬ್ಬನ ಸರಕಿನ ಬೆಲೆ ಕೂಗಿನಲ್ಲೇ ತಿಳಿದುಹೋಗುತ್ತದೆ. ಗುಂಪನ್ನು ಎಬ್ಬಿಸಬಲ್ಲೆ, ಹಿಡಿಯಲಾರೆ ಎಂಬರ್ಥದ ಮಾತನ್ನು ಅವನು ಕ್ರೇಮರನಿಗೆ ಮುಖಕ್ಕೆ ಮುಖ ಹೇಳುತ್ತಾನೆ. ಕೊನೆಗೆ ಹುಡುಗಿಯನ್ನು ಬಯಲಿಗೆ ಕರೆತಂದು ಎಲ್ಲರೆದುರು ನಿಜ ಹೇಳಿಸುವವನೂ ಅವನೇ. ಜನ ಒಬ್ಬೊಬ್ಬರೇ ತಲೆ ತಗ್ಗಿಸಿ ಮನೆಗೆ ನಡೆಯುತ್ತಾರೆ. ಕ್ರೇಮರ್ ಬರಿದಾದ ಬಯಲಿನಲ್ಲಿ ಉಳಿಯುತ್ತಾನೆ.

ಇಲ್ಲಿ ನಮ್ಮ ತಕರಾರು ತೊಡಗುತ್ತದೆ. ನಮ್ಮ ಸಭೆಯಲ್ಲಿ ಕೆಲವರಿಗೆ ಈ ಮುಕ್ತಾಯ ಬಹಳ ಹಿಡಿಸಿತು. ನಮಗೆ ಅಷ್ಟು ಹಿಡಿಸಲಿಲ್ಲ. ಹೆಣ್ಣಿನ ಒಂದು ಸುಳ್ಳು ಬಯಲಾದೊಡನೆ ಇಡೀ ಊರಿನ ಜ್ವರ ಇಳಿಯುವುದೆಂದರೆ, ಆ ಹುಡುಗಿ ನಿಜವನ್ನೇ ಹೇಳಿದ್ದರೆ ಗುಂಪು ಮಾಡುತ್ತಿದ್ದುದು ಸರಿಯಾಗುತ್ತಿತ್ತೇ? ಇನ್ನೂ ದೊಡ್ಡ ತೊಡಕು ಹೆಸರಿನಲ್ಲೇ ಇದೆ. ಬಿಳಿಯರ ಕಣ್ಣಿಗೆ ಕರೆಯದೆ ಬಂದವರು ಆ ಕಪ್ಪು ಮಕ್ಕಳು. ಅಲ್ಲ, ಕರೆಯದೆ ಬಂದವನು ಈ ಬಿಳಿಯ ಸೂಟಿನವನು ಎಂದು ಚಿತ್ರ ತಿರುಗಿಸಿ ಹೇಳುತ್ತದೆ. ಜಾಣತನದ ತಿರುಗಣೆ, ಸರಿಯೆ. ಆದರೆ ‘ನಾವು ಒಳ್ಳೆಯವರು, ಹೊರಗಿನವನೊಬ್ಬ ಬಂದು ಕೆಡಿಸಿದ’ ಎಂಬ ಮಾತು ಯಾವ ಊರಿನವರಿಗೆ ಹಿತವಲ್ಲ? ಹೊರಗಿನವನ ಮೇಲಿನ ದ್ವೇಷವನ್ನು ಕಳೆಯಹೊರಟ ಕಥೆ, ತಪ್ಪನ್ನೆಲ್ಲ ಮತ್ತೊಬ್ಬ ಹೊರಗಿನವನ ತಲೆಗೆ ಕಟ್ಟಿದಂತಾಯಿತು. ಕ್ಲಿಂಟನ್ನಿನ ಇತಿಹಾಸ ಇಷ್ಟು ಸಸಾರವಾಗಿಲ್ಲ. ಹೆದ್ದಾರಿಯಲ್ಲಿ ಮೋಟಾರುಗಳ ಗಾಜು ಒಡೆದ ರಾತ್ರಿ ಕ್ಯಾಸ್ಪರ್ ಕಂಬಿಗಳ ಹಿಂದೆ ಇದ್ದನೆಂಬುದನ್ನು ಮೇಲೆ ಹೇಳಿದೆವು. ಅದೇ ನವೆಂಬರಿನಲ್ಲಿ ಗಲಭೆ ಎಬ್ಬಿಸಿದ ಆರೋಪದ ಮೇಲೆ ಅವನನ್ನು ಆ ಊರಿನಲ್ಲಿಯೇ ವಿಚಾರಣೆಗೆ ಒಳಪಡಿಸಿದಾಗ, ಜ್ಯೂರಿಗಳು ನಿರಪರಾಧಿಯೆಂದು ಬಿಟ್ಟರು. ೧೯೫೭ರ ಜುಲೈಯಲ್ಲಿ ನಾಕ್ಸ್‌ವಿಲ್ಲಿನ ಕೋರ್ಟಿನಲ್ಲಿ ಅವನಿಗೆ ಮತ್ತೆ ಶಿಕ್ಷೆಯಾದಾಗ, ಜೊತೆಗೆ ತಪ್ಪಿತಸ್ಥರೆನಿಸಿದ ಆರು ಮಂದಿಯೂ ಕ್ಲಿಂಟನ್ ಕಡೆಯವರೇ.

ಆದರೂ ಚಿತ್ರಕ್ಕೆ ಅನ್ಯಾಯ ಮಾಡಬಾರದು. ಕಾರ್ಮನ್ನರ ಕ್ಯಾಮರಾ ಅವರ ಕಥೆಗಿಂತ ಹೆಚ್ಚು ಬಲ್ಲದ್ದು. ಕಥೆ ಕ್ರೇಮರನನ್ನು ದೂರುತ್ತಿರುವಾಗ ಕ್ಯಾಮರಾ ಕೇಳುವವರ ಮುಖವನ್ನು ನೋಡುತ್ತಿರುತ್ತದೆ. ಮುದುಕನೊಬ್ಬ ತಲೆದೂಗುತ್ತಾನೆ, ಒಬ್ಬ ಬಾಯಿ ತೆರೆದು ನಗುತ್ತಾನೆ, ಇನ್ನೊಬ್ಬ ಪಕ್ಕದವನನ್ನು ನೋಡಿ, ಅವನು ಕೂಗಿದನೆಂದು ತಾನೂ ಕೂಗುತ್ತಾನೆ. ಈ ಕೊನೆಯವನನ್ನು ನಾವು ನಮ್ಮ ಸಂತೆಗಳಲ್ಲಿಯೂ ಕಂಡಿದ್ದೇವೆ. ಆ ಜನರಿಗೆ ಕಥೆಯನ್ನು ಪೂರ್ತಿಯಾಗಿ ಹೇಳದೆ ಅವರ ಮುಖಗಳನ್ನು ತೆಗೆದುಕೊಂಡದ್ದು ಧರ್ಮವೇ ಎಂದು ಕೇಳಿದರೆ ನಾವು ಹೌದೆನ್ನಲಾರೆವು. ಹೇಳಿದ್ದರೆ ಈ ಚಿತ್ರವಿರುತ್ತಿರಲಿಲ್ಲ.

ಚಿತ್ರದ ಹಣೆಬರಹ ಚೆನ್ನಾಗಿರಲಿಲ್ಲ. ಬಿಳಿಯರು ಕಪ್ಪು ಜನರನ್ನು ಬೈಯುವ ಹೀನ ಶಬ್ದ ಅದರಲ್ಲಿ ಇದ್ದಂತೆಯೇ ಕೇಳಿಬರುವುದರಿಂದ, ಹಾಲಿವುಡ್ಡಿನ ಮಂಡಲಿ ಮೊದಲು ಮುದ್ರೆ ಒತ್ತಲು ನಿರಾಕರಿಸಿತು. ೧೯೬೨ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡಾಗ ವಿಮರ್ಶಕರು ಮೆಚ್ಚಿದರು. ವೆನಿಸ್ಸಿನ ಚಿತ್ರೋತ್ಸವದಲ್ಲಿಯೂ ತೋರಿಸಿದರು. ಜನ ಮಾತ್ರ ಬರಲಿಲ್ಲ. ಬ್ರಿಟನ್ನಿನಲ್ಲಿ ಬೇರೆ ಹೆಸರಿಟ್ಟರು. ಅಮೆರಿಕದಲ್ಲಿ ‘ಐ ಹೇಟ್ ಯುವರ್ ಗಟ್ಸ್’ ಎಂದೂ ‘ಶೇಮ್’ ಎಂದೂ, ಎಂದರೆ ‘ನೀನೆಂದರೆ ನನಗೆ ಹೇಸಿಗೆ’ ಎಂದೂ ‘ನಾಚಿಕೆಗೇಡು’ ಎಂದೂ ಹೆಸರು ಬದಲಾಯಿಸಿ, ಅಗ್ಗದ ರೋಮಾಂಚಕ ಚಿತ್ರವೆಂಬಂತೆ ಮಾರಲು ನೋಡಿದರು. ಮಾರಾಟವಾಗಲಿಲ್ಲ. ನೂರು ಚಿತ್ರ ತೆಗೆದು ಒಂದು ಕಾಸನ್ನೂ ಕಳೆದುಕೊಳ್ಳಲಿಲ್ಲವೆಂದು ತಮ್ಮ ಆತ್ಮಕಥೆಗೆ ಹೆಸರಿಟ್ಟ ಕಾರ್ಮನ್, ಇದೊಂದರಲ್ಲಿ ಕಳೆದುಕೊಂಡರೆಂದು ಆ ಪುಸ್ತಕದೊಳಗೆಯೇ ಒಪ್ಪಿದ್ದಾರೆ. ಅಲ್ಲಿಂದ ಮುಂದೆ ಹೇಳಬೇಕಾದದ್ದನ್ನು ಮನರಂಜನೆಯ ಅಡಿಯಲ್ಲಿ ಅಡಗಿಸಿಟ್ಟೇ ಹೇಳುವುದೆಂದು ಅವರು ನಿಶ್ಚಯಿಸಿದರಂತೆ. ಭೂತಪ್ರೇತಗಳಿಗೆ ಹಿಂದಿರುಗಿದರು. ಅವರೂ ಶಾಟ್ನರರೂ ಹೆಸರಾದ ಮೇಲೆ, ಇವರು ಹಿಂದೆ ಹೀಗೊಂದನ್ನು ಮಾಡಿದ್ದರಂತೆ ಎಂದು ಬಾಯಿಂದ ಬಾಯಿಗೆ ಮಾತು ಹಬ್ಬಿ, ಮೆಚ್ಚುವವರ ಒಂದು ಸಣ್ಣ ಬಳಗ ಈ ಚಿತ್ರವನ್ನು ಹುಡುಕಿ ಹುಡುಕಿ ನೋಡತೊಡಗಿತು. ಆ ಬಳಗಕ್ಕೆ ಈಗ ನಮ್ಮ ಸಂಘದ ಹತ್ತು ಹನ್ನೆರಡು ಮಂದಿಯೂ ಸೇರಿದಂತಾಯಿತು.

ಕ್ಯಾಸ್ಪರ್ ಕ್ಲಿಂಟನ್ನಿನಿಂದ ಹೊರಟವನು ೧೯೫೭ರಲ್ಲಿ ನ್ಯಾಶ್‌ವಿಲ್ಲಿಗೆ ಹೋಗಿ ಅಲ್ಲಿಯೂ ಜನರನ್ನು ಎಬ್ಬಿಸಿದ. ಆ ಸೆಪ್ಟೆಂಬರಿನಲ್ಲಿ ಅಲ್ಲಿಯ ಒಂದು ಪ್ರಾಥಮಿಕ ಶಾಲೆಯನ್ನು ಸಿಡಿಮದ್ದಿನಿಂದ ಒಡೆದರು; ಆ ಶಾಲೆಗೆ ಸೇರಿದ್ದ ಕಪ್ಪು ಮಗು ಒಂದೇ ಒಂದು. ಈ ನಡುವೆ ನ್ಯೂಯಾರ್ಕಿನಲ್ಲಿದ್ದಾಗ ಅವನಿಗೆ ಕಪ್ಪು ಗೆಳೆಯರೂ ಗೆಳತಿಯರೂ ಇದ್ದರೆಂಬುದು ಬಯಲಾಗಿ, ಅವನ ಕಡೆಯವರೇ ಅವನನ್ನು ಬಿಟ್ಟರು. ೧೯೬೪ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತು, ಯಾರ ಗಮನಕ್ಕೂ ಬಾರದೆ ಸೋತ. ೧೯೯೮ರಲ್ಲಿ ತೀರಿಕೊಂಡ.

ಅವನಿಲ್ಲದ ಕ್ಲಿಂಟನ್ನಿನಲ್ಲಿ, ೧೯೫೮ರ ಅಕ್ಟೋಬರ್ ೫, ಭಾನುವಾರ, ಬೆಳಕು ಹರಿಯುವ ಮೊದಲು, ಹೈಸ್ಕೂಲಿನ ಕಟ್ಟಡವನ್ನು ಎಪ್ಪತ್ತೈದರಿಂದ ನೂರು ಕಡ್ಡಿ ಡೈನಮೈಟ್ ಇಟ್ಟು ಒಡೆದರೆಂದು ಅಂದಾಜು. ರಜೆಯ ದಿನವಾದ್ದರಿಂದ ಯಾರಿಗೂ ಗಾಯವಾಗಲಿಲ್ಲ. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಪಕ್ಕದ ಓಕ್ ರಿಡ್ಜ್ ಊರಿನಲ್ಲಿ ಖಾಲಿ ಬಿದ್ದಿದ್ದ ಶಾಲೆಯೊಂದನ್ನು ಊರವರು ಎರಡು ಮೂರು ದಿನಗಳಲ್ಲಿ ಗುಡಿಸಿ, ಬೆಂಚು ಹಾಕಿ, ಸಿದ್ಧಮಾಡಿದರು. ಅದೇ ವಾರ ಕ್ಲಿಂಟನ್ನಿನ ಮಕ್ಕಳೆಲ್ಲ, ಬಿಳಿಯರೂ ಕಪ್ಪು ಮಕ್ಕಳೂ, ಬಸ್ಸುಗಳಲ್ಲಿ ಅಲ್ಲಿಗೆ ಹೋಗಿ ಇಳಿದರು. ಓಕ್ ರಿಡ್ಜಿನ ಹೈಸ್ಕೂಲಿನ ವಾದ್ಯದವರು ಬಾಗಿಲಲ್ಲಿ ನಿಂತು, ತಮ್ಮ ಶಾಲೆಯ ಹಾಡನ್ನಲ್ಲ, ಕ್ಲಿಂಟನ್ ಶಾಲೆಯ ಹಾಡನ್ನು ಬಾರಿಸುತ್ತಿದ್ದರು.